ಡಾಪ್ಲರ್ ಬರೆದುಕೊಟ್ಟಾಗ ತಿಳಿದಿರಬೇಕಾದ ಸಂಗತಿಗಳು

ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ವಾರಗಟ್ಟಲೆ ಮಾಯದಿದ್ದಾಗ, ಹೊಟ್ಟೆಯಲ್ಲಿರುವ ಮಗು ತಿಂಗಳಿಗೆ ತಕ್ಕಷ್ಟು ಬೆಳೆಯದಿದ್ದಾಗ, ಒಂದು ಕಾಲು ಮಾತ್ರ ಇದ್ದಕ್ಕಿದ್ದಂತೆ ಊದಿಕೊಂಡಾಗ, ಮಾತು ತೊದಲಿ ಸ್ವಲ್ಪ ಹೊತ್ತಿನಲ್ಲೇ ಸರಿಹೋದಾಗ ವೈದ್ಯರು ಚೀಟಿಯಲ್ಲಿ ‘ಡಾಪ್ಲರ್’ ಎಂದು ಬರೆಯುತ್ತಾರೆ. ಆ ಚೀಟಿ ಹಿಡಿದು ಸ್ಕ್ಯಾನಿಂಗ್ ಕೇಂದ್ರದ ಮುಂದೆ ಕುಳಿತ ಅನೇಕರಿಗೆ ಅದು ಯಾವ ಪರೀಕ್ಷೆ, ತಿಂಡಿ ತಿಂದು ಬರಬಹುದೇ, ನೋವಾಗುತ್ತದೆಯೇ, ಕೊನೆಗೆ ಕೈಗೆ ಬರುವ ಕೆಂಪು-ನೀಲಿ ಚಿತ್ರಕ್ಕೆ ಏನರ್ಥ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮಾಮೂಲಿ ಸ್ಕ್ಯಾನ್ ಅಂಗದ ಆಕಾರ ತೋರಿಸುತ್ತದೆ. ಆ ಅಂಗಕ್ಕೆ ರಕ್ತ ಸರಿಯಾಗಿ ತಲುಪುತ್ತಿದೆಯೇ, ಎಷ್ಟು ವೇಗದಲ್ಲಿ ಹರಿಯುತ್ತಿದೆ, ಎಲ್ಲಿ ತಡೆದು ನಿಂತಿದೆ, ಎಲ್ಲಿ ಹಿಂದಕ್ಕೆ ನುಗ್ಗುತ್ತಿದೆ ಎಂಬುದು ಬೇರೆಯೇ ವಿಚಾರ. ರಕ್ತನಾಳವನ್ನೋ ಹರಿವನ್ನೋ ಕಣ್ಣಿಗೆ ಕಾಣಿಸುವ ಸಾಧನಗಳು ಇಂದು ಹಲವು ಇವೆ: ಕಲರ್ ಡಾಪ್ಲರ್, ಎಕೋ, ಮೂರು ಬಗೆಯ ಆಂಜಿಯೋಗ್ರಾಂ, ಕಣ್ಣಿನ ಆಂಜಿಯೋಗ್ರಾಂ, ಸೂಜಿ ಚುಚ್ಚುವ ಮುನ್ನ ರಕ್ತನಾಳ ಹುಡುಕುವ ದೀಪ. ಒಂದೊಂದಕ್ಕೂ ಉತ್ತರಿಸಬಲ್ಲ ಪ್ರಶ್ನೆ ಬೇರೆ. ಪ್ರಶ್ನೆ ಖಚಿತವಾಗಿದ್ದರೆ ಪರೀಕ್ಷೆಯಿಂದ ಪ್ರಯೋಜನ. ಇಲ್ಲದಿದ್ದರೆ ಹಣವೂ ಹೋಗಿ ಆತಂಕವೂ ಉಳಿಯುತ್ತದೆ. ಈ ಲೇಖನದ ಉದ್ದೇಶ ಅಷ್ಟೇ: ನಿಮಗೆ ಬರೆದುಕೊಟ್ಟ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂದು ತಿಳಿದು, ಸಿದ್ಧರಾಗಿ ಹೋಗುವಂತೆ ಮಾಡುವುದು.

ಶಬ್ದದಿಂದ ಚಿತ್ರ

ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ ಪ್ರಬಂಧ ಜೋಡಿ ನಕ್ಷತ್ರಗಳ ಬೆಳಕಿನ ಬಣ್ಣವನ್ನು ಕುರಿತದ್ದು. ಅಲೆಗಳನ್ನು ಹೊಮ್ಮಿಸುವ ವಸ್ತು ನಮ್ಮತ್ತ ಬರುತ್ತಿದ್ದರೆ ಅಲೆಗಳ ಆವರ್ತನ ಹೆಚ್ಚಿದಂತೆಯೂ, ದೂರ ಸರಿಯುತ್ತಿದ್ದರೆ ತಗ್ಗಿದಂತೆಯೂ ತೋರುತ್ತದೆ ಎಂದು ಅವರು ಹೇಳಿದರು. ಮೂರು ವರ್ಷಗಳ ನಂತರ ಡಚ್ ವಿಜ್ಞಾನಿ ಬೈಸ್ ಬ್ಯಾಲೋಟ್ ಉಟ್ರೆಕ್ಟ್ ಬಳಿ ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಶ್ರುತಿಜ್ಞಾನವಿದ್ದ ಸಂಗೀತಗಾರರನ್ನು ನಿಲ್ಲಿಸಿ, ಶಬ್ದಕ್ಕೂ ಇದು ಅನ್ವಯಿಸುತ್ತದೆಂದು ತೋರಿಸಿಕೊಟ್ಟರು. ನಿಲ್ಲದೆ ಹೋಗುವ ರೈಲಿನ ಹಾರ್ನ್ ನಮ್ಮನ್ನು ದಾಟಿದೊಡನೆ ದನಿ ಇಳಿಯುವುದು ಇದೇ ಕಾರಣಕ್ಕೆ.

ಈ ತತ್ತ್ವವನ್ನು ದೇಹದೊಳಗಿನ ಚಲನೆ ಅಳೆಯಲು ಬಳಸಿದವರಲ್ಲಿ ಮೊದಲಿಗರು ಜಪಾನಿನ ಒಸಾಕಾದ ಶಿಗೆಒ ಸತೊಮುರಾ; ಕಾಲ 1950ರ ದಶಕ. ಹರಿವಿಗೆ ಬಣ್ಣ ಹಚ್ಚಿ ಆ ಕ್ಷಣದಲ್ಲೇ ಪರದೆಯ ಮೇಲೆ ತೋರಿಸುವ ಕಲರ್ ಡಾಪ್ಲರ್ ಯಂತ್ರ 1980ರ ದಶಕದಲ್ಲಿ ಬಂತು. ಅದಕ್ಕೂ ಜಪಾನಿನ ಸಂಶೋಧಕರ ಕೊಡುಗೆ ದೊಡ್ಡದು.

ಯಂತ್ರದ ಕೆಲಸ ಹೀಗೆ ನಡೆಯುತ್ತದೆ. ಮನುಷ್ಯನ ಕಿವಿಗೆ ಕೇಳುವ ಶಬ್ದದ ಮಿತಿ ಸುಮಾರು 20,000 ಹರ್ಟ್ಸ್. ಸ್ಕ್ಯಾನ್ ಪ್ರೋಬ್ ಕಳಿಸುವುದು ಹಲವು ಲಕ್ಷ ಹರ್ಟ್ಸ್ ದಾಟಿದ ಅಲೆ. ಹೊಟ್ಟೆಯ ಆಳಕ್ಕೆ 2ರಿಂದ 5 ಮೆಗಾಹರ್ಟ್ಸ್, ಚರ್ಮಕ್ಕೆ ಹತ್ತಿರವಿರುವ ಕತ್ತು ಮತ್ತು ಕಾಲಿನ ನಾಳಗಳಿಗೆ ಅದಕ್ಕಿಂತ ಹೆಚ್ಚು. ಆ ಅಲೆ ಓಡುತ್ತಿರುವ ಕೆಂಪು ರಕ್ತಕಣಗಳಿಗೆ ತಾಗಿ ಮರಳಿದಾಗ ಅದರ ಆವರ್ತನ ತುಸು ಬದಲಾಗಿರುತ್ತದೆ. 5 ಮೆಗಾಹರ್ಟ್ಸ್ ಅಲೆ 60 ಡಿಗ್ರಿ ಕೋನದಲ್ಲಿ, ಸೆಕೆಂಡಿಗೆ 50 ಸೆಂ.ಮೀ. ವೇಗದಲ್ಲಿ ಹರಿಯುವ ರಕ್ತಕ್ಕೆ ತಾಗಿದರೆ ಆಗುವ ವ್ಯತ್ಯಾಸ ಸುಮಾರು 1,600 ಹರ್ಟ್ಸ್. ಇದು ನಮ್ಮ ಕಿವಿಗೆ ನಿಲುಕುವ ಮಿತಿಯೊಳಗೇ ಇದೆ. ಸ್ಕ್ಯಾನ್ ಕೋಣೆಯಲ್ಲಿ ಕೇಳುವ ‘ಹುಶ್, ಹುಶ್’ ಸದ್ದು ಈ ವ್ಯತ್ಯಾಸವೇ. ನುರಿತ ವೈದ್ಯರು ಆ ಸದ್ದಿನಿಂದಲೇ ನಾಳ ಮುಕ್ತವಾಗಿದೆಯೋ ಕಿರಿದಾಗಿದೆಯೋ ಎಂದು ಅಂದಾಜಿಸುತ್ತಾರೆ.

ಚರ್ಮದ ಮೇಲೆ ತಣ್ಣನೆಯ ಜೆಲ್ ಹಚ್ಚುವುದೇಕೆಂದರೆ ಪ್ರೋಬ್ ಮತ್ತು ಚರ್ಮದ ನಡುವೆ ಗಾಳಿ ಉಳಿದರೆ ಅಲೆ ಒಳಗೆ ಹೋಗುವುದಿಲ್ಲ. ಡಾಪ್ಲರ್‌ನಲ್ಲಿ ಎಕ್ಸ್-ರೇ ವಿಕಿರಣ ಇಲ್ಲ, ಸೂಜಿ ಇಲ್ಲ, ಬಣ್ಣದ ದ್ರವ ಇಲ್ಲ. ಊದಿದ ಕಾಲನ್ನು ಒತ್ತಿದಾಗ ಆಗುವ ನೋವನ್ನು ಬಿಟ್ಟರೆ ಬೇರೆ ನೋವೂ ಇಲ್ಲ.

ಕೆಂಪು ಎಂದರೆ ಶುದ್ಧ ರಕ್ತವೇ?

ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಶಾಲೆಯ ಪುಸ್ತಕದಲ್ಲಿ ಹೃದಯದಿಂದ ಹೊರಡುವ ಅಪಧಮನಿಗೆ ಕೆಂಪು, ಹೃದಯಕ್ಕೆ ಮರಳುವ ಅಭಿಧಮನಿಗೆ ನೀಲಿ ಬಣ್ಣ ಕೊಟ್ಟಿರುತ್ತಾರೆ. ಡಾಪ್ಲರ್ ಪರದೆಯ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರುವ ಹರಿವಿಗೆ ಕೆಂಪು, ಪ್ರೋಬ್‌ನಿಂದ ದೂರ ಹೋಗುವ ಹರಿವಿಗೆ ನೀಲಿ. ಪ್ರೋಬನ್ನು ಇನ್ನೊಂದು ಬದಿಗೆ ಓರೆ ಮಾಡಿದರೆ ಅದೇ ನಾಳ ಕೆಂಪಿನಿಂದ ನೀಲಿಗೆ ತಿರುಗಬಹುದು. ಒಂದು ಗುಂಡಿ ಒತ್ತಿ ಬಣ್ಣಗಳನ್ನೇ ಅದಲುಬದಲು ಮಾಡಲೂ ಬಹುದು. ಅದಕ್ಕಾಗಿಯೇ ಚಿತ್ರದ ಬದಿಯಲ್ಲಿ ಬಣ್ಣದ ಪಟ್ಟಿಯೊಂದು ಅಚ್ಚಾಗಿರುತ್ತದೆ. ಅದನ್ನು ನೋಡದೆ ಚಿತ್ರಕ್ಕೆ ಅರ್ಥ ಹೇಳಲಾಗದು. ವರದಿಯ ಫೋಟೋದಲ್ಲಿ ನೀಲಿ ಹೆಚ್ಚು ಕಂಡಿತೆಂದು ಹೆದರಬೇಕಾಗಿಲ್ಲ.

ಬಣ್ಣದ ಹೊಳಪು ವೇಗವನ್ನು ಸೂಚಿಸುತ್ತದೆ. ಕಿರಿದಾದ ಜಾಗದಲ್ಲಿ ರಕ್ತ ಬಿರುಸಾಗಿ ನುಗ್ಗಿದಾಗ ಕೆಂಪು, ಹಳದಿ, ನೀಲಿ, ಹಸಿರು ಎಲ್ಲ ಕಲಸಿದಂತೆ ಕಾಣುತ್ತದೆ. ಯಂತ್ರಕ್ಕೆ ನಿಗದಿ ಮಾಡಿದ ವೇಗದ ಮಿತಿ ಮೀರಿದಾಗಲೂ ಹೀಗೇ ಆಗುತ್ತದೆ. ಹಾಗಾಗಿ ಪರೀಕ್ಷಕರು ಬಣ್ಣ ನೋಡಿ ಸುಮ್ಮನಾಗದೆ, ಅಲ್ಲಿ ನಿಲ್ಲಿಸಿ ವೇಗದ ಗ್ರಾಫ್ ತೆಗೆಯುತ್ತಾರೆ.

ಕೋನದ ಮಾತೂ ಮುಖ್ಯ. ಶಬ್ದದ ಅಲೆ ನಾಳಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ತಾಗಿದರೆ ಹರಿವು ಇದ್ದರೂ ಇಲ್ಲದಂತೆ ತೋರಬಹುದು. ವೇಗ ಅಳೆಯುವಾಗ ಕೋನವನ್ನು 60 ಡಿಗ್ರಿಯೊಳಗೆ ಇರಿಸಿಕೊಳ್ಳುವುದು ರೂಢಿಯ ನಿಯಮ. ಪರೀಕ್ಷಕರು ಪ್ರೋಬನ್ನು ಮತ್ತೆ ಮತ್ತೆ ಓರೆ ಮಾಡುವುದು, ‘ಮಗ್ಗುಲಾಗಿ’, ‘ಉಸಿರು ಹಿಡಿಯಿರಿ’ ಎನ್ನುವುದು ಇದಕ್ಕೇ. ಡಾಪ್ಲರ್ ಫಲಿತಾಂಶ ಯಂತ್ರದಷ್ಟೇ ಅದನ್ನು ಹಿಡಿದ ಕೈಯನ್ನೂ ಅವಲಂಬಿಸಿದೆ. ಎರಡೂ ಕಾಲುಗಳ ರಕ್ತನಾಳಗಳನ್ನು ತೊಡೆಸಂದಿನಿಂದ ಪಾದದವರೆಗೆ ನೋಡಲು ಸಾಕಷ್ಟು ಹೊತ್ತು ಬೇಕು. ಅವಸರಪಡಿಸಬೇಡಿ, ಅವಸರದ ಪರೀಕ್ಷೆಯನ್ನು ಒಪ್ಪಲೂ ಬೇಡಿ.

ಕಾಲಿನ ಡಾಪ್ಲರ್ ಎರಡು ಬಗೆ

‘ಕಾಲಿನ ಡಾಪ್ಲರ್’ ಎಂಬ ಹೆಸರಿನಲ್ಲಿ ಎರಡು ಬೇರೆ ಪರೀಕ್ಷೆಗಳಿವೆ. ಅಭಿಧಮನಿಗಳ ಪರೀಕ್ಷೆಗೆ ‘ವೀನಸ್ ಡಾಪ್ಲರ್’, ಅಪಧಮನಿಗಳದ್ದಕ್ಕೆ ‘ಆರ್ಟೀರಿಯಲ್ ಡಾಪ್ಲರ್’ ಎಂದು ಬರೆದಿರುತ್ತಾರೆ. ಚೀಟಿಯಲ್ಲಿ ಯಾವುದು ಬರೆದಿದೆ, ಯಾವ ಕಾಲು ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ.

ಒಂದು ಕಾಲು ಮಾತ್ರ ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ. ದೊಡ್ಡ ಶಸ್ತ್ರಚಿಕಿತ್ಸೆ, ದೀರ್ಘ ಕಾಲ ಮಲಗಿದಲ್ಲೇ ಇರುವುದು, ಹೆರಿಗೆಯ ಆಸುಪಾಸು, ಕ್ಯಾನ್ಸರ್, ಬಹಳ ಹೊತ್ತಿನ ಪ್ರಯಾಣ ಈ ಅಪಾಯ ಹೆಚ್ಚಿಸುತ್ತವೆ. ಇಲ್ಲಿ ಬಣ್ಣಕ್ಕಿಂತ ಮುಖ್ಯವಾದುದು ಒತ್ತಿ ನೋಡುವ ಸರಳ ಕ್ರಮ. ಆರೋಗ್ಯವಂತ ಅಭಿಧಮನಿ ಪ್ರೋಬ್ ಒತ್ತಿದೊಡನೆ ಪೂರ್ತಿ ಚಪ್ಪಟೆಯಾಗುತ್ತದೆ. ಒಳಗೆ ಹೆಪ್ಪು ಇದ್ದರೆ ಆಗುವುದಿಲ್ಲ. ಮೀನಖಂಡದ ಸಣ್ಣ ನಾಳಗಳಲ್ಲಿನ ಹೆಪ್ಪು ಮೊದಲ ಸಲ ಕಾಣದೆ ಹೋಗಬಹುದು. ಪರೀಕ್ಷೆ ಸರಿಯಾಗಿದೆ ಎಂದು ಬಂದ ಮೇಲೂ ಊತ, ನೋವು ಮುಂದುವರಿದರೆ ಒಂದು ವಾರದೊಳಗೆ ಮತ್ತೆ ಸ್ಕ್ಯಾನ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಕಾಲಿನಲ್ಲಿ ಉಬ್ಬಿದ, ಸುತ್ತಿಕೊಂಡ ನರಗಳಂತೆ ಕಾಣುವ ವೆರಿಕೋಸ್ ವೇನ್ಸ್‌ಗೂ ವೀನಸ್ ಡಾಪ್ಲರ್ ಬೇಕು. ಅಲ್ಲಿ ಹುಡುಕುವುದು ಕವಾಟ ಕೆಟ್ಟು ರಕ್ತ ಕೆಳಕ್ಕೆ ಮರಳುತ್ತಿರುವ ಜಾಗವನ್ನು. ಮೇಲ್ಮೈ ಅಭಿಧಮನಿಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಮ್ಮುಖ ಹರಿವು ಇದ್ದರೆ ಅದನ್ನು ‘ರಿಫ್ಲಕ್ಸ್’ ಎಂದು ದಾಖಲಿಸುತ್ತಾರೆ. ಗುರುತ್ವದ ಎಳೆತದಲ್ಲಿ ಇದು ಸ್ಪಷ್ಟವಾಗಿ ಕಾಣುವುದರಿಂದ ರೋಗಿಯನ್ನು ನಿಲ್ಲಿಸಿ ಈ ಪರೀಕ್ಷೆ ಮಾಡುವುದೇ ಸರಿಯಾದ ಕ್ರಮ. ಬರೀ ಮಲಗಿಸಿ ಮುಗಿಸಿದರೆ, ನಿಲ್ಲಿಸಿ ನೋಡುವುದಿಲ್ಲವೇ ಎಂದು ವಿನಯದಿಂದ ಕೇಳಿ.

ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಸರಿಹೋಗುವ ನೋವು ಅಪಧಮನಿಯ ತೊಂದರೆಯ ಲಕ್ಷಣ. ಬೀಡಿ, ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಇದಕ್ಕೆ ಮೊದಲ ಪರೀಕ್ಷೆ ಎ.ಬಿ.ಐ. ಸಣ್ಣ ಕೈ ಡಾಪ್ಲರ್ ಹಿಡಿದು ಕಾಲಿನ ಗಿಣ್ಣಿನ ಬಳಿಯ ರಕ್ತದೊತ್ತಡವನ್ನು ಅಳೆದು, ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ತೋಳಿನಲ್ಲಿ 150, ಗಿಣ್ಣಿನ ಬಳಿ 105 ಇದ್ದರೆ ಉತ್ತರ 0.7. 1.0ರಿಂದ 1.4ರವರೆಗೆ ಸರಿ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. 1.4 ದಾಟಿದರೆ ಹಿಗ್ಗಬೇಡಿ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣದಂಶ ಸೇರಿ ಗಟ್ಟಿಯಾದಾಗ ಹೀಗೆ ಸುಳ್ಳು ಏರಿಕೆ ಕಾಣುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ. ಮಾಯದ ಗಾಯವಿರುವ ಸಕ್ಕರೆ ಕಾಯಿಲೆಯವರ ಬೆರಳು ಅಥವಾ ಪಾದ ಕತ್ತರಿಸುವ ಮಾತು ಬಂದರೆ, ರಕ್ತದ ಹರಿವು ನೋಡಿದ್ದೀರಾ ಎಂಬ ಪ್ರಶ್ನೆಯನ್ನು ಮನೆಯವರು ಕೇಳಲೇಬೇಕು. ಅಡ್ಡಿ ತೆಗೆದು ಹರಿವು ಮರಳಿಸಿದರೆ ಎಷ್ಟೋ ಪಾದಗಳು ಉಳಿಯುತ್ತವೆ.

ಕತ್ತು, ತಲೆ, ಹೃದಯ

ಮಿದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಅಪಧಮನಿಗಳು ಕತ್ತಿನ ಎರಡು ಬದಿಯಲ್ಲಿವೆ. ಲಕ್ವ ಹೊಡೆದವರಿಗೆ, ಅಥವಾ ಕೈಕಾಲು ಸೋತು, ಮಾತು ತೊದಲಿ, ಒಂದು ಕಣ್ಣು ಮಂಜಾಗಿ ಸ್ವಲ್ಪ ಹೊತ್ತಿನಲ್ಲಿ ಸರಿಯಾದವರಿಗೆ ಕತ್ತಿನ ಡಾಪ್ಲರ್ ತುರ್ತಾಗಿ ಬೇಕು. ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆಯ ಪ್ರಕಾರ ಒಳ ಕೆರೊಟಿಡ್‌ನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ.ಗಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿರುವುದು ಶೇ 50ಕ್ಕಿಂತ ಕಡಿಮೆ. 125ರಿಂದ 230 ಇದ್ದರೆ ಶೇ 50ರಿಂದ 69. 230 ಮೀರಿದರೆ ಶೇ 70 ಅಥವಾ ಹೆಚ್ಚು. ಆದರೆ ನಾಳ ಬಹುತೇಕ ಮುಚ್ಚಿಹೋದಾಗ ವೇಗ ಮತ್ತೆ ಇಳಿಯುತ್ತದೆ. ಬರೀ ಅಂಕಿ ನೋಡಿ ಸಮಾಧಾನಪಡುವುದು ಅಪಾಯ. ಚಿತ್ರ, ಅಂಕಿ ಎರಡನ್ನೂ ತಜ್ಞರು ಕೂಡಿಸಿ ನೋಡಬೇಕು. ಇನ್ನು, ಯಾವ ಲಕ್ಷಣವೂ ಇಲ್ಲದವರು ಆರೋಗ್ಯ ತಪಾಸಣೆ ಪ್ಯಾಕೇಜಿನ ಭಾಗವಾಗಿ ಕತ್ತಿನ ಡಾಪ್ಲರ್ ಮಾಡಿಸಿಕೊಳ್ಳಬೇಕಾಗಿಲ್ಲ. ಅಮೆರಿಕದ ರೋಗತಡೆ ಕಾರ್ಯಪಡೆ 2021ರಲ್ಲಿ ಅಂಥ ತಪಾಸಣೆ ಬೇಡವೆಂದೇ ಶಿಫಾರಸು ಮಾಡಿದೆ. ಅದರಿಂದ ಅನಗತ್ಯ ಶಸ್ತ್ರಚಿಕಿತ್ಸೆಯ ದಾರಿ ತೆರೆಯುತ್ತದೆ ಎಂಬುದು ಕಾರಣ.

ಕಪಾಲದ ಎಲುಬು ತೆಳುವಾಗಿರುವ ಕಣತಲೆಯ ಮೂಲಕ ಮಿದುಳಿನ ನಾಳಗಳ ವೇಗ ಅಳೆಯುವ ವಿಧಾನವನ್ನು 1982ರಲ್ಲಿ ನಾರ್ವೆಯ ರೂನೆ ಆಸ್ಲಿಡ್ ಪ್ರಕಟಿಸಿದರು. ಕುಡಗೋಲು ಕಣ ರಕ್ತಹೀನತೆ ಇರುವ ಮಕ್ಕಳಿಗೆ ಇದು ವರದಾನ. ವೇಗ ಸೆಕೆಂಡಿಗೆ 200 ಸೆಂ.ಮೀ. ಅಥವಾ ಹೆಚ್ಚು ಇದ್ದ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯುವನ್ನು ಬಹುಮಟ್ಟಿಗೆ ತಡೆಯಬಹುದೆಂದು 1998ರಲ್ಲಿ ಪ್ರಕಟವಾದ ‘ಸ್ಟಾಪ್’ ಅಧ್ಯಯನ ತೋರಿಸಿತು. ಮೈಸೂರು, ಚಾಮರಾಜನಗರ ಭಾಗದ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಈ ರಕ್ತಹೀನತೆ ಇದೆ. ಅಂಥ ಮಗುವಿದ್ದರೆ, ಎರಡು ವರ್ಷ ತುಂಬಿದ ಮೇಲೆ ಈ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿ.

ಎಕೋ ಎಂದು ಕರೆಯುವ ಹೃದಯದ ಸ್ಕ್ಯಾನ್‌ನಲ್ಲೂ ಡಾಪ್ಲರ್ ಇದೆ. ಕವಾಟ ಸೋರುತ್ತಿದ್ದರೆ ರಕ್ತ ಹಿಂದಕ್ಕೆ ಚಿಮ್ಮುವುದು ಬಣ್ಣದಲ್ಲಿ ಕಾಣುತ್ತದೆ. ವರದಿಯಲ್ಲಿ ‘ಟ್ರಿವಿಯಲ್ ಟಿ.ಆರ್.’ ಎಂದು ಬರೆದಿದ್ದರೆ ಗಾಬರಿ ಬೇಡ. ಇಷ್ಟು ಅಲ್ಪ ಸೋರಿಕೆ ಆರೋಗ್ಯವಂತರಲ್ಲೂ ಸಾಮಾನ್ಯ.

ಗರ್ಭಿಣಿಯರಿಗೆ

ಮಗು ಬೆಳವಣಿಗೆಯಲ್ಲಿ ಹಿಂದುಳಿದಿದ್ದರೆ, ತಾಯಿಗೆ ಬಿ.ಪಿ. ಏರಿದ್ದರೆ ಹೊಕ್ಕುಳಬಳ್ಳಿಯ ರಕ್ತದ ಹರಿವು ನೋಡುತ್ತಾರೆ. ಆರೋಗ್ಯಕರ ಗರ್ಭದಲ್ಲಿ ಮಗುವಿನ ಹೃದಯದ ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರುತ್ತದೆ. ಆ ಹರಿವು ನಿಂತಿದ್ದರೆ, ಇನ್ನೂ ಕೆಟ್ಟದಾಗಿ ಹಿಂದಕ್ಕೆ ತಿರುಗಿದ್ದರೆ ಮಾಸು ಸೋಲುತ್ತಿದೆ ಎಂದರ್ಥ. ಹೆರಿಗೆಯನ್ನು ಯಾವಾಗ ಮಾಡಿಸಬೇಕೆಂಬ ತೀರ್ಮಾನಕ್ಕೆ ಇದು ಆಧಾರವಾಗುತ್ತದೆ. ಯಾವ ತೊಂದರೆಯೂ ಇಲ್ಲದ ಗರ್ಭಿಣಿಗೆ ವಾಡಿಕೆಯ ಡಾಪ್ಲರ್ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೊದಲ ಮೂರು ತಿಂಗಳಲ್ಲಂತೂ ಅದನ್ನು ತೀರಾ ಅಗತ್ಯಕ್ಕೆ ಮಾತ್ರ ಮೀಸಲಿಡುತ್ತಾರೆ.

ಮನೆಯಲ್ಲೇ ಮಗುವಿನ ಎದೆಬಡಿತ ಕೇಳಲೆಂದು ಮಾರುವ ಪುಟ್ಟ ಡಾಪ್ಲರ್ ಉಪಕರಣ ಕೊಳ್ಳಬೇಡಿ. ತಾಯಿಯದೇ ನಾಡಿಬಡಿತವನ್ನು ಮಗುವಿನದೆಂದು ತಿಳಿದು, ಮಗುವಿನ ಅಲುಗಾಟ ಕಡಿಮೆಯಾದಾಗಲೂ ಆಸ್ಪತ್ರೆಗೆ ಹೋಗದೆ ಕುಳಿತರೆ ಅನಾಹುತ. ಅಲುಗಾಟ ತಗ್ಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯ ಪ್ರತಿ ಸ್ಕ್ಯಾನ್‌ಗೂ 1994ರ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯ್ದೆಯಡಿ ‘ಫಾರಂ ಎಫ್’ ತುಂಬಿಸುತ್ತಾರೆ. ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ

ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಅಪಧಮನಿ, ಅಭಿಧಮನಿಗಳನ್ನು ಕೂಡಿಸುವುದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದು ಬಳಕೆಗೆ ಸಿದ್ಧವಾಗಿದೆಯೇ ಎಂದು ಡಾಪ್ಲರ್ ಹೇಳುತ್ತದೆ. ಇಲ್ಲಿ ಆರರ ಲೆಕ್ಕವೊಂದು ಪ್ರಚಲಿತ: ಆರು ವಾರಗಳಾದ ಮೇಲೆ ನಿಮಿಷಕ್ಕೆ 600 ಮಿ.ಲೀ. ಹರಿವು, 6 ಮಿ.ಮೀ. ಅಗಲ, ಚರ್ಮದಿಂದ 6 ಮಿ.ಮೀ.ಗಿಂತ ಹೆಚ್ಚಿಲ್ಲದ ಆಳ. ಆಮೇಲೆ ದಿನವೂ ಪರೀಕ್ಷಿಸಬೇಕಾದವರು ನೀವೇ. ಬೆರಳಿಟ್ಟರೆ ಝುಮ್ಮೆನ್ನುವ ಕಂಪನ ಇರಬೇಕು. ಅದು ನಿಂತಿದ್ದರೆ ಅದೇ ದಿನ ಡಯಾಲಿಸಿಸ್ ಕೇಂದ್ರಕ್ಕೆ ತಿಳಿಸಿ. ಆ ಕೈಯಲ್ಲಿ ಬಿ.ಪಿ. ನೋಡಲು, ರಕ್ತ ತೆಗೆಯಲು ಬಿಡಬೇಡಿ.

ಆಂಜಿಯೋಗ್ರಾಂ: ಬಣ್ಣದ ದ್ರವದ ಜಾಡು

ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ ವಿಯೆನ್ನಾದಲ್ಲಿ ಹಾಶೆಕ್ ಮತ್ತು ಲಿಂಡೆಂಥಾಲ್ ಎಂಬುವರು ಶವದ ಕೈಗೆ ಸುಣ್ಣಬೆರೆತ ಮಿಶ್ರಣ ಚುಚ್ಚಿ ರಕ್ತನಾಳಗಳ ಚಿತ್ರ ತೆಗೆದರು. ಬದುಕಿರುವವರ ಮಿದುಳಿನ ನಾಳಗಳನ್ನು 1927ರಲ್ಲಿ ಲಿಸ್ಬನ್‌ನಲ್ಲಿ ಎಗಾಸ್ ಮೊನಿಸ್ ತೋರಿಸಿದರು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು ಎಕ್ಸ್-ರೇ ತೆಗೆಸಿಕೊಂಡರು; 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲುದಾರರಾದರು. 1958ರಲ್ಲಿ ಕ್ಲೀವ್‌ಲ್ಯಾಂಡ್‌ನ ಮೇಸನ್ ಸೋನ್ಸ್ ಅವರ ಪರೀಕ್ಷೆಯೊಂದರಲ್ಲಿ ಕೊಳವೆ ಅಕಸ್ಮಾತ್ತಾಗಿ ಹೃದಯದ ಬಲ ಕೊರೊನರಿ ನಾಳಕ್ಕೆ ಜಾರಿ ದ್ರವ ಅಲ್ಲೇ ಹೊಕ್ಕಿತು. ರೋಗಿ ಉಳಿದರು. ಇಂದಿನ ಹೃದಯದ ಆಂಜಿಯೋಗ್ರಾಂ ಹುಟ್ಟಿದ್ದು ಅಲ್ಲಿಂದ.

ಈಗ ಮೂರು ಬಗೆ ಬಳಕೆಯಲ್ಲಿವೆ. ಕೊಳವೆ ಹಾಕಿ ಮಾಡುವ ಆಂಜಿಯೋಗ್ರಾಂನಲ್ಲಿ ಮಣಿಕಟ್ಟು ಅಥವಾ ತೊಡೆಸಂದಿನಿಂದ ಸಣ್ಣ ಕೊಳವೆ ಕಳಿಸಿ ಅಯೋಡಿನ್ ಇರುವ ದ್ರವ ಬಿಡುತ್ತಾರೆ. ಅಡ್ಡಿ ಕಂಡರೆ ಆಗಲೇ ಬಲೂನು, ಸ್ಟೆಂಟ್ ಹಾಕಬಹುದೆಂಬುದು ಇದರ ಅನುಕೂಲ. ಸಿ.ಟಿ. ಆಂಜಿಯೋಗ್ರಾಂಗೆ ಕೈಯಲ್ಲೊಂದು ಸೂಜಿ ಸಾಕು. ದ್ರವ ಒಳಹೋದಾಗ ಮೈ ಬಿಸಿಯಾಗುವುದು, ಬಾಯಲ್ಲಿ ಲೋಹದ ರುಚಿ ಬರುವುದು ಸಹಜ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಎಂ.ಆರ್. ಆಂಜಿಯೋಗ್ರಾಂಗೆ ವಿಕಿರಣವಿಲ್ಲ. ಮಿದುಳಿನ ನಾಳಗಳನ್ನು ಯಾವ ದ್ರವವೂ ಇಲ್ಲದೆ ತೋರಿಸುವ ಕ್ರಮವೂ ಅದರಲ್ಲಿದೆ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಕಣ್ಣಿಗೆ ಸಿಡಿದ ಲೋಹದ ಚೂರು ಇದ್ದವರು ಮೊದಲೇ ಹೇಳಬೇಕು.

ಅಯೋಡಿನ್ ದ್ರವಕ್ಕೆ ಮುನ್ನ ರಕ್ತದ ಕ್ರಿಯೇಟಿನಿನ್ ನೋಡುವುದು ಕಿಡ್ನಿ ತಡೆದುಕೊಳ್ಳುವುದೇ ಎಂದು ತಿಳಿಯಲು. ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ತಿಳಿಸಿ. ನಿಲ್ಲಿಸಬೇಕೇ ಎಂಬುದನ್ನು ಕಿಡ್ನಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹಿಂದೆ ಇಂಥ ದ್ರವ ಚುಚ್ಚಿದಾಗ ಮೈ ದದ್ದರಿಸಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಸಿಗಡಿ, ಏಡಿ ತಿಂದರೆ ಅಲರ್ಜಿ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಆಂಜಿಯೋಗ್ರಾಂ ಬೇಡವೆನ್ನಬೇಕಾಗಿಲ್ಲ. ಆ ಅಲರ್ಜಿ ಅಯೋಡಿನ್‌ನಿಂದ ಬರುವುದಲ್ಲ.

ಕಣ್ಣು, ಚರ್ಮ, ಶಸ್ತ್ರಚಿಕಿತ್ಸೆಯ ಮೇಜು

ಕಣ್ಣಿನ ಅಕ್ಷಿಪಟಲದ ರಕ್ತನಾಳಗಳನ್ನು ನೋಡುವ ಫ್ಲೋರೆಸೀನ್ ಆಂಜಿಯೋಗ್ರಫಿಯನ್ನು 1961ರಲ್ಲಿ ಪ್ರಕಟಿಸಿದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ನೊವೊಟ್ನಿ ಮತ್ತು ಆಲ್ವಿಸ್. ತೋಳಿಗೆ ಚುಚ್ಚಿದ ಬಣ್ಣ ಹದಿನೈದು ಸೆಕೆಂಡುಗಳ ಆಸುಪಾಸಿನಲ್ಲಿ ಕಣ್ಣು ತಲುಪಿ, ನೀಲಿ ಬೆಳಕಿನಲ್ಲಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಸೋರುವ ನಾಳಗಳು ಸ್ಪಷ್ಟವಾಗಿ ಕಾಣುತ್ತವೆ. ಅನಂತರ ಕೆಲವು ಗಂಟೆ ಚರ್ಮ ಹಳದಿಯಾಗುವುದು, ಒಂದು ದಿನ ಮೂತ್ರ ಗಾಢ ಹಳದಿಯಾಗುವುದು ಸಾಮಾನ್ಯ; ಅದು ಕಾಮಾಲೆಯಲ್ಲ. ಕಣ್ಣಿಗೆ ಹನಿ ಹಾಕಿರುವುದರಿಂದ ಅಂದು ಬೈಕು, ಕಾರು ಓಡಿಸಬಾರದು. ಜೊತೆಗೊಬ್ಬರು ಬರಲಿ. ಬಣ್ಣವೇ ಬೇಡದ ಓ.ಸಿ.ಟಿ. ಆಂಜಿಯೋಗ್ರಫಿ ಈಗ ಬಂದಿದೆ. ಒಂದೇ ಜಾಗವನ್ನು ಬೆಳಕಿನಿಂದ ಪದೇಪದೇ ಸ್ಕ್ಯಾನ್ ಮಾಡಿ, ಬದಲಾದದ್ದನ್ನಷ್ಟೇ ರಕ್ತದ ಚಲನೆಯೆಂದು ಚಿತ್ರಿಸುತ್ತದೆ. ಆದರೆ ಸೋರಿಕೆಯನ್ನು ಅದು ತೋರಿಸದು. ಹಾಗಾಗಿ ಹಳೆಯ ವಿಧಾನಕ್ಕೆ ಇನ್ನೂ ಕೆಲಸವಿದೆ.

ಸಣ್ಣ ಮಕ್ಕಳಿಗೆ, ಕೀಮೊಥೆರಪಿ ಪಡೆದವರಿಗೆ ಸೂಜಿ ಹಾಕಲು ನರ ಸಿಗುವುದೇ ಕಷ್ಟ. ವೇನ್ ಫೈಂಡರ್ ಎಂಬ ದೀಪ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚೆಲ್ಲುತ್ತದೆ. ರಕ್ತದ ಹಿಮೋಗ್ಲೋಬಿನ್ ಅದನ್ನು ಹೀರಿಕೊಳ್ಳುವುದರಿಂದ ಅಭಿಧಮನಿಗಳ ಜಾಲ ಚರ್ಮದ ಮೇಲೆಯೇ ಕಪ್ಪು ಗೆರೆಗಳಾಗಿ ಮೂಡುತ್ತದೆ. ಚರ್ಮದಿಂದ ಸುಮಾರು ಒಂದು ಸೆಂ.ಮೀ. ಆಳದವರೆಗೆ ಮಾತ್ರ ಇದರ ಎಟುಕು. ನಾಳ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಹರಿವು ಸರಿಯಿದೆಯೇ ಎಂದಲ್ಲ.

ಶಸ್ತ್ರಚಿಕಿತ್ಸೆಯ ನಡುವೆ ಬಳಸುವುದು ಇಂಡೊಸಯನಿನ್ ಗ್ರೀನ್ ಎಂಬ ಹಸಿರು ಬಣ್ಣ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಒಪ್ಪಿದ್ದು 1959ರಲ್ಲಿ. ಕರುಳಿನ ತುಂಡು ತೆಗೆದು ಎರಡು ತುದಿ ಹೊಲಿಯುವ ಮುನ್ನ ಅವಕ್ಕೆ ರಕ್ತ ತಲುಪುತ್ತಿದೆಯೇ ಎಂದು ವಿಶೇಷ ಕ್ಯಾಮೆರಾದಲ್ಲಿ ನೋಡುತ್ತಾರೆ. ಬಣ್ಣ ಮೂಡದ ತುದಿಗೆ ಹೊಲಿಗೆ ಹಾಕಿದರೆ ಅದು ಕೂಡಿಕೊಳ್ಳದೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚು.

ಹೋಗುವ ಮುನ್ನ ಸಿದ್ಧತೆ

• ಕಿಡ್ನಿ, ಯಕೃತ್ತು, ಹೊಟ್ಟೆಯ ದೊಡ್ಡ ನಾಳಗಳ ಡಾಪ್ಲರ್‌ಗೆ ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಕರುಳಿನ ಗಾಳಿ ಅಲೆಯನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆಯವರು ಬೆಳಗಿನ ಮೊದಲ ಸಮಯ ಕೇಳಿ ಪಡೆಯಿರಿ. ಊಟವಿಲ್ಲದೆ ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕೆಂದು ಹಿಂದಿನ ದಿನವೇ ವೈದ್ಯರನ್ನು ಕೇಳಿ.

• ಕಾಲು, ಕೈ, ಕತ್ತಿನ ಡಾಪ್ಲರ್‌ಗೆ, ಮಾಮೂಲಿ ಎಕೋಗೆ ಉಪವಾಸ ಬೇಡ.

• ಸಡಿಲ ಬಟ್ಟೆ ಹಾಕಿಕೊಳ್ಳಿ. ಕಾಲಿನ ಪರೀಕ್ಷೆಗೆ ಲುಂಗಿ, ಪಂಚೆ, ಸೀರೆ, ಅಗಲ ಲಂಗ ಅನುಕೂಲ. ಕತ್ತಿನ ಸ್ಕ್ಯಾನ್‌ಗೆ ಸರ ತೆಗೆದಿಟ್ಟು ಬನ್ನಿ.

• ಕೆಲವು ಗಂಟೆ ಮೊದಲಿಂದ ಬೀಡಿ, ಸಿಗರೇಟು ಸೇದಬೇಡಿ. ಅದರಿಂದ ನಾಳ ಸೆಟೆದುಕೊಂಡು ಅಳತೆ ತಪ್ಪುತ್ತದೆ.

• ಹಳೆಯ ವರದಿ, ಔಷಧ ಚೀಟಿ ತನ್ನಿ. ಹಿಂದಿನ ಅಳತೆಯ ಜೊತೆ ಹೋಲಿಸಿದಾಗಲೇ ಹೊಸ ಅಂಕಿಗೆ ಬೆಲೆ.

• ತೊಂದರೆ ಯಾವ ಬದಿ, ಎಂದಿನಿಂದ, ಎಷ್ಟು ದೂರ ನಡೆದರೆ ನೋವು ಎಂಬುದನ್ನು ಪರೀಕ್ಷಕರಿಗೆ ಬಾಯಿಬಿಟ್ಟು ಹೇಳಿ. ಚೀಟಿಯಲ್ಲಿ ಬರೀ ‘ಡಾಪ್ಲರ್’ ಎಂದಿದ್ದರೆ ಕಾರಣವನ್ನೂ ಬರೆಯುವಂತೆ ವೈದ್ಯರನ್ನು ಕೋರಿ.

ವರದಿ ಕೈಗೆ ಬಂದಾಗ

‘ಕಂಪ್ರೆಸಿಬಲ್’ ಎಂದರೆ ಅಭಿಧಮನಿ ಒತ್ತಿದಾಗ ಚಪ್ಪಟೆಯಾಯಿತು, ಹೆಪ್ಪು ಇಲ್ಲ. ‘ಥ್ರಾಂಬಸ್’ ಎಂದರೆ ಹೆಪ್ಪು. ‘ಪ್ಲಾಕ್’ ನಾಳದ ಗೋಡೆಗೆ ಅಂಟಿದ ಕೊಬ್ಬು, ಸುಣ್ಣದ ಪದರ. ‘ಸ್ಟೆನೋಸಿಸ್’ ಕಿರಿದಾಗಿರುವುದು, ‘ಆಕ್ಲೂಷನ್’ ಪೂರ್ತಿ ಮುಚ್ಚಿರುವುದು. ‘ಕೊಲ್ಯಾಟರಲ್’ ಎಂದರೆ ಮುಚ್ಚಿದ ನಾಳವನ್ನು ಬಳಸಿ ದೇಹವೇ ಬೆಳೆಸಿಕೊಂಡ ಬದಲಿ ದಾರಿ. ಕಾಲಿನ ಅಪಧಮನಿಯ ಗ್ರಾಫ್ ಮೂರು ಏರಿಳಿತದ ‘ಟ್ರೈಫೇಸಿಕ್’ ಆಗಿದ್ದರೆ ಒಳ್ಳೆಯದು. ಒಂದೇ ಉಬ್ಬಿನ ‘ಮೊನೋಫೇಸಿಕ್’ ಇದ್ದರೆ ಸಾಮಾನ್ಯವಾಗಿ ಮೇಲೆಲ್ಲೋ ಅಡ್ಡಿಯಿದೆ ಎಂಬ ಸೂಚನೆ. ‘ಪಿ.ಎಸ್.ವಿ.’ ಎಂಬುದು ಗರಿಷ್ಠ ವೇಗ.

ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ: ಹುಡುಕಿದ್ದು ಸಿಕ್ಕಿತೇ? ನೋಡಲಾಗದೆ ಉಳಿದ ಭಾಗ ಯಾವುದಾದರೂ ಇದೆಯೇ? ಈ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಎರಡನೆಯದನ್ನು ಕೇಳುವವರು ವಿರಳ. ಗಾಯ, ಬ್ಯಾಂಡೇಜು, ಹೊಟ್ಟೆಯ ಗಾಳಿ, ಸುಣ್ಣಗಟ್ಟಿದ ಗೋಡೆ ಅಡ್ಡ ಬಂದಲ್ಲಿ ಡಾಪ್ಲರ್‌ಗೆ ಏನೂ ಕಾಣದು. ಕಾಣದಿರುವುದನ್ನು ‘ತೊಂದರೆ ಇಲ್ಲ’ ಎಂದು ಓದಿಕೊಳ್ಳಬಾರದು.

ಸ್ಕ್ಯಾನ್‌ಗಾಗಿ ಕಾಯಬಾರದ ಹೊತ್ತು

ಕೆಲವು ಲಕ್ಷಣಗಳು ಕಂಡಾಗ ಸ್ಕ್ಯಾನಿಂಗ್ ಕೇಂದ್ರ ಹುಡುಕುತ್ತಾ ಅಲೆಯದೆ ನೇರ ತುರ್ತು ವಿಭಾಗಕ್ಕೆ ಹೋಗಬೇಕು. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಹೆಪ್ಪು ಕರಗಿಸುವ ಔಷಧಕ್ಕೆ ಸಿಗುವ ಅವಧಿ ನಾಲ್ಕೂವರೆ ಗಂಟೆ. ಕಾಲು ಅಥವಾ ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿ ನೋಯತೊಡಗಿದರೆ ಸುಮಾರು ಆರು ಗಂಟೆಯೊಳಗೆ ರಕ್ತ ಮರಳಬೇಕು. ಹುಡುಗರಿಗೆ ಒಂದು ಬದಿಯ ವೃಷಣದಲ್ಲಿ ತಟ್ಟನೆ ತೀವ್ರ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಅಲ್ಲೂ ಆರು ಗಂಟೆಯೇ ಲೆಕ್ಕ; ನಾಚಿಕೆಯಿಂದ ಹೇಳದೆ ಉಳಿಯುವ ಮಕ್ಕಳಿಗೆ ಪೋಷಕರು ಇದನ್ನು ಮೊದಲೇ ತಿಳಿಸಿರಬೇಕು. ಕಾಲಿನ ಊತದ ಜೊತೆ ಉಸಿರುಕಟ್ಟಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಎದೆನೋವಿಗೆ ಮೊದಲು ಬೇಕಾದದ್ದು ಇ.ಸಿ.ಜಿ.; ತಾಲ್ಲೂಕು ಆಸ್ಪತ್ರೆಯಲ್ಲೂ ಅದು ಸಿಗುತ್ತದೆ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಕಲ್ಪನೆಯೂ ಇದೇ: ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು, ಆಮೇಲೆ ಆಂಜಿಯೋಗ್ರಾಂಗೆ ಕಳಿಸುವುದು. 108ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ರಕ್ತದ ಹರಿವು ತೋರಿಸುವ ಯಂತ್ರ ಎಷ್ಟೇ ಉತ್ತಮವಾಗಿರಲಿ, ಎಲ್ಲಿ ನೋಡಬೇಕೆಂದು ಅದಕ್ಕೆ ಯಾರಾದರೂ ಹೇಳಬೇಕು. ವೈದ್ಯರು ಚೀಟಿಯಲ್ಲಿ ಅರ್ಧ ಹೇಳುತ್ತಾರೆ, ಉಳಿದರ್ಧ ಹೇಳಬೇಕಾದವರು ನೀವು. ಮುಂದಿನ ಸಲ ನಿಮಗಾಗಲಿ ಮನೆಯ ಹಿರಿಯರಿಗಾಗಲಿ ಡಾಪ್ಲರ್ ಬರೆದುಕೊಟ್ಟರೆ, ಕುರ್ಚಿಯಿಂದ ಏಳುವ ಮುನ್ನ ‘ಇದರಿಂದ ಏನು ತಿಳಿಯಬೇಕಿದೆ ಡಾಕ್ಟರೇ?’ ಎಂದು ಕೇಳಿ, ಅವರ ಉತ್ತರವನ್ನು ಚೀಟಿಯ ಹಿಂಬದಿ ಬರೆದುಕೊಂಡೇ ಹೊರಡಿ.